ಮುಂದಾಳೂ ಮೇಳವೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಾರ್ಷಿಕೋತ್ಸವದ ವೇದಿಕೆಯಿಂದ ನಾಡು, ನುಡಿ, ಸಾಹಿತ್ಯಗಳನ್ನು ಕುರಿತು ಮಾತನಾಡುವುದು ನಮ್ಮಲ್ಲಿ ವಾಡಿಕೆಯಾಗಿದೆ. ಇಂದು ನಾವು ಆರಿಸಿಕೊಂಡಿರುವ ವಿಷಯವಾದರೋ ಮೇಲುನೋಟಕ್ಕೆ ಕಚೇರಿ ಕಾರ್ಖಾನೆಗಳಿಗೆ ಸಲ್ಲತಕ್ಕದ್ದೆಂದು ತೋರಬಹುದು. ಸಂಸ್ಥೆಯೊಂದರ ಮುಂದಾಳು ಕೆಲಸ ಮಾಡಿಸುವ ರೀತಿಯು ಅಲ್ಲಿನವರ ದುಡಿಮೆಯ ಮೇಲೂ ಒಗ್ಗಟ್ಟಿನ ಮೇಲೂ ಯಾವ ಪರಿಣಾಮವನ್ನು ಉಂಟುಮಾಡುತ್ತದೆ ಎಂಬುದೇ ಆ ವಿಷಯ.

ಇದನ್ನು ಕನ್ನಡದ ಸಭೆಯಲ್ಲಿ ಎತ್ತುವುದಕ್ಕೆ ಕಾರಣವುಂಟು. 1956ರ ನವೆಂಬರ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿತು. ಅಂದಿನಿಂದ ಇಲ್ಲಿ ಕನ್ನಡವನ್ನು ಕಾಪಾಡಿಕೊಂಡು ಬಂದಿರುವವು ನಮ್ಮ ಮನೆಗಳು ಮತ್ತು ನಮ್ಮ ಸಂಸ್ಥೆಗಳು. ಶಾಲೆ, ವಾಚನಾಲಯ, ಭಜನಾ ಮಂದಿರ, ಯಕ್ಷಗಾನ ಕಲಾಸಂಘ, ಸಹಕಾರಿ ಸಂಘ, ಇಂದು ನಾವು ನೆರೆದಿರುವಂತಹ ಕನ್ನಡ ಸಂಘ, ಇವೆಲ್ಲವೂ ಆ ಸಾಲಿನವು. ಮಗುವು ಮನೆಯಲ್ಲಿ ಕಲಿತ ನುಡಿಗೆ ಮನೆಯ ಹೊರಗೆ ಒಂದು ಬಾಳನ್ನು ಒದಗಿಸಿಕೊಡುವವು ಇವೇ. ಆದುದರಿಂದ ಇವುಗಳಲ್ಲಿ ಒಂದು ಸೊರಗಿದರೂ ಅದು ಭಾಷೆಗೇ ತಗಲುವ ನಷ್ಟ. ಸೊರಗುವುದಕ್ಕೆ ಹಣದ ಕೊರತೆಯೇ ಕಾರಣವೆಂದು ನಾವು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಆದರೆ ಹಣವಿದ್ದೂ ಬಾಗಿಲು ಮುಚ್ಚಿದ ವಾಚನಾಲಯಗಳಿವೆ. ಹಣವಿಲ್ಲದೆಯೂ ತಲೆಮಾರುಗಳ ಕಾಲ ನಡೆದ ಕಲಾಸಂಘಗಳಿವೆ. ಈ ವ್ಯತ್ಯಾಸವು ಎಲ್ಲಿಂದ ಬಂತೆಂದು ವಿಚಾರಿಸುವುದು ನಮ್ಮ ಕರ್ತವ್ಯ.

ಹಿರಿಯರು ನಮಗೆ ಬಿಟ್ಟುಹೋದ ಎರಡು ಗಾದೆಗಳು ಈ ವಿಚಾರಕ್ಕೆ ಪೀಠಿಕೆಯಂತಿವೆ. ‘ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’ ಎಂಬುದು ಒಂದು. ‘ಆಳಾಗಬಲ್ಲವನು ಅರಸಾಗಬಲ್ಲ’ ಎಂಬುದು ಇನ್ನೊಂದು. ಮೊದಲನೆಯದು ತನ್ನ ಗದ್ದೆಯನ್ನು ತಾನೇ ಉಳುವ ಬೇಸಾಯಗಾರನಿಗೆ ಒಪ್ಪುವ ಮಾತು. ಅದನ್ನೇ ಹತ್ತು ಮಂದಿ ದುಡಿಯುವ ಸಂಸ್ಥೆಗೆ ತಂದರೆ ಏನಾಗುವುದು? ಆಳು ಮಾಡಿದ್ದೆಲ್ಲವೂ ಹಾಳೆಂದು ನಂಬಿದ ಯಜಮಾನನು ಪ್ರತಿಯೊಬ್ಬನ ಬೆನ್ನ ಹಿಂದೆಯೂ ನಿಲ್ಲಬೇಕಾಗುವುದು. ಎರಡನೆಯ ಗಾದೆಯು ಬೇರೊಂದು ನಂಬಿಕೆಯಿಂದ ಹುಟ್ಟಿದೆ. ಕೆಳಗೆ ನಿಂತು ದುಡಿಯುವವನ ಕಷ್ಟವೇನು, ಅವನ ಬುದ್ಧಿ ಎಷ್ಟರದು ಎಂಬುದನ್ನು ತಾನು ಅನುಭವಿಸಿ ಅರಿತವನೇ ಮೇಲೆ ಕುಳಿತುಕೊಳ್ಳಲು ಯೋಗ್ಯನೆಂದು ಅದು ಹೇಳುತ್ತದೆ. ಈ ಎರಡು ನಂಬಿಕೆಗಳಲ್ಲಿ ಯಾವುದು ಹೆಚ್ಚು ಫಲ ಕೊಡುತ್ತದೆಂಬುದನ್ನು ಇಪ್ಪತ್ತನೆಯ ಶತಮಾನದಲ್ಲಿ ವಿದ್ವಾಂಸರು ಪ್ರಯೋಗ ಮಾಡಿ ನೋಡಿದರು. ಅವುಗಳಲ್ಲಿ ಎರಡನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನಿವೇದಿಸುತ್ತೇವೆ.

ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು 1890ರಲ್ಲಿ ಹುಟ್ಟಿದ ಯಹೂದಿ. ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಆರಂಭವಾದ 1933ರಲ್ಲಿ ಅವರು ದೇಶ ಬಿಟ್ಟು ಅಮೆರಿಕವನ್ನು ಸೇರಿದರು. ಒಬ್ಬನ ಆಜ್ಞೆಗೆ ಇಡೀ ಜನಾಂಗವೇ ತಲೆಬಾಗಿದುದನ್ನು ಕಣ್ಣಾರೆ ಕಂಡವರು ಅವರು. ಮುಂದಾಳಿನ ರೀತಿಯು ಜನರನ್ನು ಏನು ಮಾಡುತ್ತದೆಂಬುದು ಅವರಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಅಯೋವಾ ವಿಶ್ವವಿದ್ಯಾಲಯದಲ್ಲಿದ್ದಾಗ ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಎಂಬ ಸಹೋದ್ಯೋಗಿಗಳೊಡನೆ ಅವರು ನಡೆಸಿದ ಪ್ರಯೋಗದ ವರದಿ 1939ರಲ್ಲಿ ಪ್ರಕಟವಾಯಿತು.

ಹತ್ತು ವರ್ಷದ ಹುಡುಗರನ್ನು ಐದೈದು ಮಂದಿಯಂತೆ ನಾಲ್ಕು ಕೂಟಗಳಾಗಿ ಮಾಡಿ, ಶಾಲೆ ಬಿಟ್ಟ ಮೇಲೆ ಕೈಗೆಲಸಗಳಲ್ಲಿ ತೊಡಗಿಸಲಾಯಿತು. ಪ್ರತಿಯೊಂದು ಕೂಟಕ್ಕೂ ಒಬ್ಬ ವಯಸ್ಕ ನಾಯಕ. ನಾಯಕತ್ವದ ರೀತಿಗಳು ಮೂರು. ಮೊದಲನೆಯ ರೀತಿಯಲ್ಲಿ ಎಲ್ಲವನ್ನೂ ನಾಯಕನೇ ನಿರ್ಣಯಿಸುವನು. ಒಂದು ಹೆಜ್ಜೆ ಮುಗಿಯುವವರೆಗೆ ಮುಂದಿನ ಹೆಜ್ಜೆ ಯಾವುದೆಂದು ಹುಡುಗರಿಗೆ ತಿಳಿಸನು. ಯಾರು ಯಾರೊಡನೆ ಕೆಲಸ ಮಾಡಬೇಕೆಂಬುದನ್ನೂ ಅವನೇ ಹೇಳುವನು. ಎರಡನೆಯ ರೀತಿಯಲ್ಲಿ ಕೆಲಸದ ಪೂರ್ಣ ಚಿತ್ರವನ್ನು ಮೊದಲಿಗೇ ಮುಂದಿಟ್ಟು, ಎಲ್ಲರೂ ಕೂಡಿ ಚರ್ಚಿಸಿ ನಿರ್ಣಯಿಸುವರು. ಸಲಹೆ ಬೇಕಾದಲ್ಲಿ ನಾಯಕನು ಎರಡು ಮೂರು ದಾರಿಗಳನ್ನು ತೋರಿಸಿ ಆರಿಸಿಕೊಳ್ಳಲು ಬಿಡುವನು. ಮೂರನೆಯ ರೀತಿಯ ನಾಯಕನು ಸಾಮಾನುಗಳನ್ನು ಒದಗಿಸಿ ಸುಮ್ಮನೆ ಕುಳಿತಿರುವನು; ಕೇಳಿದರೆ ಉತ್ತರ, ಇಲ್ಲವಾದರೆ ಇಲ್ಲ. ಆರಾರು ವಾರಗಳಿಗೊಮ್ಮೆ ನಾಯಕರನ್ನೂ ರೀತಿಗಳನ್ನೂ ಬದಲಾಯಿಸಲಾಯಿತು. ಹೀಗೆ ಮಾಡಿದುದರಿಂದ ಫಲಿತಾಂಶವು ಹುಡುಗರ ಸ್ವಭಾವದಿಂದ ಬಂದದ್ದೆಂದಾಗಲಿ ಒಬ್ಬ ನಾಯಕನ ವೈಯಕ್ತಿಕ ಗುಣದಿಂದ ಬಂದದ್ದೆಂದಾಗಲಿ ಹೇಳಲು ಆಸ್ಪದ ಉಳಿಯಲಿಲ್ಲ.

ಕಂಡುಬಂದ ಸಂಗತಿಗಳನ್ನು ಗಮನವಿಟ್ಟು ಕೇಳಬೇಕೆಂದು ಪ್ರಾರ್ಥನೆ. ಆಜ್ಞೆ ಮಾಡುವ ನಾಯಕನಿಗೆ ತಗ್ಗಿ ನಡೆದ ಕೂಟಗಳಲ್ಲಿ, ಅವನು ಎದುರಿಗಿದ್ದಾಗ ಹುಡುಗರು ತಮ್ಮ ವೇಳೆಯಲ್ಲಿ ನೂರಕ್ಕೆ 74 ಪಾಲನ್ನು ಕೆಲಸದಲ್ಲಿ ಕಳೆದರು. ಕೂಡಿ ನಿರ್ಣಯಿಸಿದ ಕೂಟಗಳಲ್ಲಿ ಈ ಪ್ರಮಾಣ 50 ಮಾತ್ರ. ಸುಮ್ಮನೆ ಬಿಟ್ಟ ಕೂಟಗಳಲ್ಲಿ 33. ಇಷ್ಟನ್ನೇ ನೋಡಿದವರು ಆಜ್ಞೆಯೇ ಮೇಲೆಂದು ತೀರ್ಮಾನಿಸಿಯಾರು. ಆದರೆ ನಾಯಕನು ಕೋಣೆಯಿಂದ ಹೊರಗೆ ಹೋದಾಗ ಏನಾಯಿತೆಂಬುದನ್ನೂ ಅವರು ಅಳೆದಿದ್ದರು. ಆಜ್ಞೆಯ ಕೂಟಗಳಲ್ಲಿ 74 ಇದ್ದದ್ದು 29ಕ್ಕೆ ಕುಸಿಯಿತು. ಕೂಡಿ ನಿರ್ಣಯಿಸಿದ ಕೂಟಗಳಲ್ಲಿ 50 ಇದ್ದದ್ದು 46ಕ್ಕೆ ನಿಂತಿತು. ಅಂದರೆ ಮೊದಲನೆಯ ಕೂಟದ ದುಡಿಮೆಯ ಬಹುಪಾಲು ನಾಯಕನ ಕಣ್ಣಿಗೆ ಸೇರಿದ್ದು; ಎರಡನೆಯ ಕೂಟದ ದುಡಿಮೆ ಹುಡುಗರದೇ ಆಗಿತ್ತು.

ಒಗ್ಗಟ್ಟಿನ ವಿಷಯದಲ್ಲಿ ಕಂಡದ್ದು ಇನ್ನೂ ಗಂಭೀರವಾದುದು. ಇದಕ್ಕಿಂತ ಮುಂಚೆ ಲಿಪಿಟ್ಟರು ಮುಖವಾಡ ತಯಾರಿಸುವ ಎರಡು ಮಕ್ಕಳ ಕೂಟಗಳಲ್ಲಿ ಇಂಥದೇ ಪರೀಕ್ಷೆ ನಡೆಸಿದ್ದರು. ಆಜ್ಞೆಯ ಕೂಟದ ಮಕ್ಕಳು ತಮ್ಮ ಒಳಗಿನ ಬೇಗುದಿಯನ್ನು ನಾಯಕನ ಮೇಲೆ ತೋರಿಸಲಾರದೆ, ತಮ್ಮಲ್ಲೇ ಒಬ್ಬನನ್ನು ಹಿಡಿದು ಕಾಡತೊಡಗಿದರು. ಆ ಮಗು ಕೂಟವನ್ನು ಬಿಟ್ಟುಹೋಯಿತು. ಬಳಿಕ ಇನ್ನೊಂದು ಮಗುವಿಗೆ ಅದೇ ಗತಿಯಾಯಿತು. ಆ ಕೂಟದಲ್ಲಿ ‘ನಾನು’ ಎಂಬ ಮಾತು ಹೆಚ್ಚಾಗಿ ಕೇಳಿಬರುತ್ತಿದ್ದರೆ, ಕೂಡಿ ನಿರ್ಣಯಿಸುವ ಕೂಟದಲ್ಲಿ ‘ನಾವು’ ಎಂಬುದು ಹೆಚ್ಚಾಗಿತ್ತು. ನಮ್ಮ ಕಚೇರಿಗಳಲ್ಲಿಯೂ ಆಡಳಿತ ಮಂಡಲಿಗಳಲ್ಲಿಯೂ ಒಬ್ಬರನ್ನೊಬ್ಬರು ದೂರುವ ಚಾಡಿಯ ರೋಗವನ್ನು ಕಂಡಾಗ, ಅದನ್ನು ಅಲ್ಲಿನವರ ದುರ್ಬುದ್ಧಿಯೆಂದು ತಳ್ಳಿಹಾಕುವ ಮುನ್ನ ಮೇಲಿನ ಕುರ್ಚಿಯ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು.

‘ಇದು ಮಕ್ಕಳ ಆಟ, ಹೊಟ್ಟೆಪಾಡಿಗಾಗಿ ದುಡಿಯುವ ಜನರಿಗೆ ಇದು ಅನ್ವಯಿಸೀತೇ?’ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ಎರಡನೆಯ ಪ್ರಯೋಗವನ್ನು ಹೇಳುತ್ತೇವೆ. ಅಮೆರಿಕದ ವರ್ಜೀನಿಯಾ ಸಂಸ್ಥಾನದ ಮೇರಿಯನ್ ಎಂಬ ಊರಿನಲ್ಲಿ ಹಾರ್ವುಡ್ ಎಂಬ ಪೈಜಾಮ ತಯಾರಿಕೆಯ ಕಾರ್ಖಾನೆ ಇತ್ತು. ಕೆಲಸಗಾರರಲ್ಲಿ ಹೆಚ್ಚಿನವರು ಹಳ್ಳಿಗಳ ಹೆಂಗಸರು. ಮಾಡಿದ ಕೆಲಸದ ಎಣಿಕೆಯ ಮೇಲೆ ಕೂಲಿ. ಕೆಲಸದ ಕ್ರಮದಲ್ಲಿ ಸ್ವಲ್ಪ ಬದಲಾವಣೆ ಮಾಡಿದರೂ ಅವರು ಮುನಿಯುವುದು, ಕೆಲಸ ಬಿಡುವುದು ನಡೆದೇ ಇತ್ತು. ಲೆಸ್ಟರ್ ಕಾಕ್, ಜಾನ್ ಫ್ರೆಂಚ್ ಎಂಬಿಬ್ಬರು ಇದನ್ನು ಪರೀಕ್ಷಿಸಿ 1948ರಲ್ಲಿ ವರದಿ ಪ್ರಕಟಿಸಿದರು.

ಇಸ್ತ್ರಿ ಹಾಕುವ ಒಂದು ಗುಂಪಿಗೆ ಬಂದ ಬದಲಾವಣೆ ಅತ್ಯಲ್ಪವಾದುದು. ಮುಗಿದ ಬಟ್ಟೆಗಳನ್ನು ಅದುವರೆಗೆ ರಟ್ಟಿನ ಹಾಳೆಯ ಮೇಲೆ ಅರ್ಧ ಡಜನಿನಂತೆ ಪೇರಿಸುತ್ತಿದ್ದವರು ಇನ್ನು ಪೆಟ್ಟಿಗೆಯಲ್ಲಿ ಪೇರಿಸಬೇಕು. ಇದಕ್ಕೆ ತಕ್ಕಂತೆ ಹೊಸ ಕೂಲಿದರವನ್ನು ಮೇಲಿನವರೇ ಗೊತ್ತುಪಡಿಸಿ, ಸಭೆ ಕರೆದು, ಕಾರಣ ಹೇಳಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕಳುಹಿಸಿದರು. ಕೂಡಲೆ ಉತ್ಪನ್ನವು ನೂರಕ್ಕೆ 20ರಷ್ಟು ಇಳಿಯಿತು, ಮತ್ತೆ ಏರಲಿಲ್ಲ. ನಲವತ್ತು ದಿನಗಳೊಳಗೆ ಆ ಗುಂಪಿನಲ್ಲಿ ನೂರಕ್ಕೆ 17 ಮಂದಿ ಕೆಲಸ ಬಿಟ್ಟರು. ಬೇರೆ ಎರಡು ಗುಂಪುಗಳಿಗೂ ಕೆಲಸದ ಕ್ರಮ ಬದಲಾಗಬೇಕಾಗಿತ್ತು. ಅಲ್ಲಿ ಮೇಲಿನವರು ಕಷ್ಟವೇನೆಂಬುದನ್ನು ಬಿಚ್ಚಿ ಹೇಳಿ, ಬದಲಾವಣೆಯನ್ನು ಹೇಗೆ ಮಾಡಬೇಕೆಂಬುದನ್ನು ಕೆಲಸಗಾರರೆಲ್ಲರೂ ಕೂಡಿಯೇ ರೂಪಿಸುವಂತೆ ಬಿಟ್ಟರು. ಸಲಹೆಗಳ ಸುರಿಮಳೆಯೇ ಆಯಿತು. ಆ ಗುಂಪುಗಳ ಉತ್ಪನ್ನವು ಸ್ವಲ್ಪ ಕಾಲದಲ್ಲಿಯೇ ಹಿಂದಿನದಕ್ಕಿಂತ ನೂರಕ್ಕೆ 14ರಷ್ಟು ಮೇಲೇರಿತು. ಒಬ್ಬರೂ ಕೆಲಸ ಬಿಡಲಿಲ್ಲ.

ಈ ಕಥೆಯ ಉತ್ತರಭಾಗವು ನಮಗೆ ಅತ್ಯಂತ ಬೋಧಪ್ರದವಾಗಿದೆ. ಸುಮಾರು ಎರಡೂವರೆ ತಿಂಗಳ ಬಳಿಕ, ಮೊದಲು ಕುಸಿದಿದ್ದ ಗುಂಪಿನಲ್ಲಿ ಉಳಿದಿದ್ದ 13 ಮಂದಿಯನ್ನು ಮತ್ತೆ ಒಂದುಗೂಡಿಸಿ ಹೊಸ ಕೆಲಸಕ್ಕೆ ಹಾಕಲಾಯಿತು. ಈ ಸಲ ಅವರನ್ನೂ ನಿರ್ಣಯದಲ್ಲಿ ಪೂರ್ಣವಾಗಿ ಸೇರಿಸಿಕೊಂಡರು. ಅವರೇ ಬೇಗನೆ ಚೇತರಿಸಿಕೊಂಡು ಹಿಂದಿಗಿಂತ ಮೇಲಿನ ಮಟ್ಟವನ್ನು ಮುಟ್ಟಿದರು. ಜನರು ಅವರೇ, ಕಾರ್ಖಾನೆಯೂ ಅದೇ; ಬದಲಾದದ್ದು ನಡೆಸಿಕೊಂಡ ರೀತಿ. ‘ನಮ್ಮ ಊರಿನ ಜನರೇ ಸರಿಯಿಲ್ಲ, ಯಾರಿಗೂ ಆಸಕ್ತಿಯಿಲ್ಲ’ ಎಂಬ ನಿಟ್ಟುಸಿರು ನಮ್ಮ ಸಭೆಗಳಲ್ಲಿ ಕೇಳಿಬಂದಾಗಲೆಲ್ಲ ಈ ಹದಿಮೂರು ಮಂದಿ ನೆನಪಾಗಬೇಕು.

ಇಷ್ಟರಿಂದ ಆಜ್ಞೆಯೇ ಕೂಡದೆಂದು ನಾವು ಹೇಳುತ್ತಿಲ್ಲ. ಮನೆಗೆ ಬೆಂಕಿ ಬಿದ್ದಾಗ, ಮಳೆಗಾಲದಲ್ಲಿ ಹೊಳೆ ಉಕ್ಕಿ ಬಂದಾಗ, ಸಭೆ ಕರೆದು ಠರಾವು ಮಾಡುತ್ತ ಕುಳಿತುಕೊಳ್ಳಲಾಗದು. ಕೆಲಸಕ್ಕೆ ತೀರ ಹೊಸಬನಾದವನಿಗೆ ಮೊದಮೊದಲು ಕೈಹಿಡಿದು, ಬೇಕಾದರೆ ಗದರಿಸಿಯೂ ಕಲಿಸಬೇಕಾಗುತ್ತದೆ. ಹಣದ ಲೆಕ್ಕದಲ್ಲಿ ಸಡಿಲು ಸಲ್ಲದು. ಮತ್ತೊಂದು ಎಚ್ಚರಿಕೆಯೂ ಅಗತ್ಯ. ಮೂರನೆಯ ರೀತಿಯ ನಾಯಕನನ್ನು, ಸುಮ್ಮನೆ ಕುಳಿತವನನ್ನು, ನಾವು ಎಷ್ಟೋ ಸಲ ಉದಾರಿಯೆಂದು ಹೊಗಳುತ್ತೇವೆ. ‘ನಮ್ಮ ಅಧ್ಯಕ್ಷರು ಬಹಳ ಒಳ್ಳೆಯವರು, ಯಾವುದಕ್ಕೂ ತಲೆಹಾಕುವುದಿಲ್ಲ’ ಎನ್ನುತ್ತೇವೆ. ಅಯೋವಾದ ಕೂಟಗಳಲ್ಲಿ, ನಾಯಕನು ಎದುರಿಗಿರುವಾಗ ಎಲ್ಲಕ್ಕಿಂತ ಕಡಮೆ ಕೆಲಸ ನಡೆದದ್ದು ಇಂಥವನ ಕೈಕೆಳಗೆ ಎಂಬುದನ್ನು ಮರೆಯಲಾಗದು. ಎಲ್ಲರನ್ನೂ ಕೇಳಿ ನಡೆಯುವುದು ಬೇರೆ, ಯಾರನ್ನೂ ಕೇಳದೆ ಬಿಟ್ಟುಬಿಡುವುದು ಬೇರೆ. ಮೊದಲನೆಯದಕ್ಕೆ ಆಜ್ಞೆ ಮಾಡುವುದಕ್ಕಿಂತ ಹೆಚ್ಚು ಶ್ರಮ ಬೇಕು.

ಈ ತತ್ತ್ವವನ್ನು ತಿಳಿಯಲು ನಾವು ಅಮೆರಿಕದವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಡನೆ ಬೆಸೆದುಕೊಂಡಿರುವ ನಮ್ಮ ತೆಂಕುತಿಟ್ಟಿನ ಯಕ್ಷಗಾನದ ಮೇಳವನ್ನು ನೋಡಿರಿ. ಮೇಳಕ್ಕೆ ಯಜಮಾನರು ಬೇರೆ ಇರಬಹುದು; ರಂಗದ ಮೇಲೆ ಮಾತ್ರ ಮುಂದಾಳು ಭಾಗವತರೇ. ಅವರನ್ನು ಒಂದನೆಯ ವೇಷಧಾರಿ ಎಂದು ಕರೆಯುವುದುಂಟು. ಪ್ರಸಂಗದ ನಡೆ, ರಾಗ, ತಾಳ, ಕಾಲ ಎಲ್ಲವೂ ಅವರ ಜಾಗಟೆಯ ಹಿಡಿತದಲ್ಲಿವೆ. ಚೆಂಡೆ ಮದ್ದಳೆಗಳು ಅವರನ್ನು ಅನುಸರಿಸುತ್ತವೆ. ಆದರೂ ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಮಾತೆಲ್ಲವೂ ವೇಷಧಾರಿಯ ಸ್ವಂತ ಬುದ್ಧಿಯಿಂದ ಆ ಕ್ಷಣದಲ್ಲಿ ಹುಟ್ಟಬೇಕಾದದ್ದು. ಪದ್ಯ ಭಾಗವತರದು, ಅರ್ಥ ವೇಷಧಾರಿಯದು. ಭಾಗವತರು ಅರ್ಥವನ್ನೂ ತಾವೇ ಹೇಳಹೊರಟರೆ ಆಟವಿಲ್ಲ. ಪದ್ಯವನ್ನೂ ವೇಷಧಾರಿಗೆ ಬಿಟ್ಟುಕೊಟ್ಟರೂ ಆಟವಿಲ್ಲ.

ಇದರ ಸೂಕ್ಷ್ಮಗಳನ್ನು ಗಮನಿಸಿರಿ. ಹೊಸ ವೇಷಧಾರಿಯೊಬ್ಬನು ಮಾತು ತೋಚದೆ ತಡವರಿಸಿದಾಗ, ಒಳ್ಳೆಯ ಭಾಗವತರು ಸಭೆಯ ಮುಂದೆ ಅವನನ್ನು ಗದರಿಸುವುದಿಲ್ಲ. ಪಾತ್ರವನ್ನು ಕುರಿತು ಒಂದು ಪ್ರಶ್ನೆ ಹಾಕುತ್ತಾರೆ. ಆ ಪ್ರಶ್ನೆಯಲ್ಲಿಯೇ ಉತ್ತರದ ಎಳೆ ಇರುತ್ತದೆ. ಪ್ರೇಕ್ಷಕನಿಗೆ ಅದು ಆಟದ ಭಾಗವಾಗಿಯೇ ಕಾಣುತ್ತದೆ. ಇನ್ನೊಬ್ಬನು ಮಾತನ್ನು ಅತಿಯಾಗಿ ಬೆಳೆಸಿದಾಗ, ಮುಂದಿನ ಪದ್ಯವನ್ನು ಎತ್ತಿಕೊಂಡು ಕಥೆಯನ್ನು ದಾರಿಗೆ ತರುತ್ತಾರೆ. ತಿದ್ದುವುದು ಎರಡೂ ಕಡೆಗಳಲ್ಲಿ ನಡೆದಿದೆ. ಯಾರ ಮಾನವೂ ಹೋಗಿಲ್ಲ.

ಮೇಳವು ನಾಳಿನ ಮುಂದಾಳನ್ನು ತಯಾರಿಸುವ ಕ್ರಮವಂತೂ ಎಲ್ಲ ಸಂಸ್ಥೆಗಳಿಗೂ ಪಾಠವಾಗುವಂತಹದು. ಇರುಳಿನ ಆರಂಭದ ಪೂರ್ವರಂಗದಲ್ಲಿ ಹಾಡುವವರು ಕಲಿಯುತ್ತಿರುವ ಕಿರಿಯ ಭಾಗವತರು. ಕೋಡಂಗಿ, ಬಾಲಗೋಪಾಲ ವೇಷಗಳಿಂದ ಹುಡುಗರು ರಂಗವನ್ನು ಹತ್ತುತ್ತಾರೆ. ವರ್ಷಗಳ ಅಭ್ಯಾಸದಿಂದ ದೊಡ್ಡ ವೇಷಗಳಿಗೆ ಏರುತ್ತಾರೆ. ಕಿರಿಯರಿಗೆ ಅವಕಾಶ ಕೊಡುವುದು ಅಲ್ಲಿ ಯಾರದೋ ದಯೆಯಿಂದ ನಡೆಯುವ ಸಂಗತಿಯಲ್ಲ. ಪ್ರತಿ ಇರುಳಿನ ಕಾರ್ಯಕ್ರಮದಲ್ಲಿಯೇ ಅವರಿಗೆ ಸ್ಥಾನ ಗೊತ್ತಾಗಿದೆ. ಮೇಳದಲ್ಲಿ ಒಬ್ಬ ಹಿರಿಯ ಕಲಾವಿದರು ನಿವೃತ್ತರಾದರೂ ಮರುದಿನ ಗೆಜ್ಜೆ ಕಟ್ಟುವವರಿರುವುದು ಇದರಿಂದಲೇ.

ಇನ್ನು ನಮ್ಮ ಸಂಸ್ಥೆಗಳ ಕಡೆಗೆ ಬರೋಣ. ಒಂದು ಕನ್ನಡ ಮಾಧ್ಯಮ ಶಾಲೆಯನ್ನು ಊಹಿಸಿಕೊಳ್ಳಿರಿ. ಕೇರಳದ ಶಾಲಾ ಕಲೋತ್ಸವ ಹತ್ತಿರ ಬಂದಿದೆ. ಕನ್ನಡ ಭಾಷಣ, ಕನ್ನಡ ಕವಿತೆ, ಯಕ್ಷಗಾನಗಳಿಗೆ ಮಕ್ಕಳನ್ನು ಸಿದ್ಧಪಡಿಸಬೇಕು. ಒಬ್ಬ ಮುಖ್ಯೋಪಾಧ್ಯಾಯರು ಯಾರು ಯಾವ ಮಗುವಿಗೆ ಏನು ಕಲಿಸಬೇಕೆಂದು ಚೀಟಿ ಬರೆದು ಹಂಚುತ್ತಾರೆ. ಅವರು ಶಾಲೆಯಲ್ಲಿರುವ ದಿನ ಅಭ್ಯಾಸ ನಡೆಯುತ್ತದೆ; ವಿದ್ಯಾಧಿಕಾರಿಗಳ ಕಚೇರಿಗೆ ಹೋದ ದಿನ ನಿಲ್ಲುತ್ತದೆ. ಇನ್ನೊಬ್ಬರು ‘ನಿಮಗೆ ತೋಚಿದಂತೆ ಮಾಡಿ’ ಎಂದು ಕೈತೊಳೆದುಕೊಳ್ಳುತ್ತಾರೆ. ಇಬ್ಬರು ಅಧ್ಯಾಪಕರ ತಲೆಯ ಮೇಲೆ ಎಲ್ಲ ಭಾರವೂ ಬಿದ್ದು, ಮರುವರ್ಷ ಅವರೂ ಹಿಂಜರಿಯುತ್ತಾರೆ. ಮೂರನೆಯವರು ಅಧ್ಯಾಪಕರನ್ನೂ ರಕ್ಷಕರನ್ನೂ ಕೂಡಿಸಿ, ಇರುವ ದಿನಗಳೆಷ್ಟು, ಹಣವೆಷ್ಟು, ಮಕ್ಕಳೆಷ್ಟು ಎಂಬುದನ್ನು ಮುಂದಿಟ್ಟು, ಯಾರು ಏನನ್ನು ವಹಿಸಿಕೊಳ್ಳುವಿರೆಂದು ಕೇಳುತ್ತಾರೆ. ಗಣಿತದ ಅಧ್ಯಾಪಕರಿಗೆ ಮದ್ದಳೆ ಬರುತ್ತದೆಂಬುದು ಇಂತಹ ಸಭೆಯಲ್ಲಿಯೇ ಹೊರಬೀಳುವುದು. ವಹಿಸಿಕೊಂಡ ಕೆಲಸ ತನ್ನದೆಂದು ತಿಳಿದವನಿಗೆ ಕಾವಲು ಬೇಕಾಗುವುದಿಲ್ಲ.

ಸರಕಾರಿ ಕಚೇರಿಯಲ್ಲಾದರೆ ಸಿಬ್ಬಂದಿಗೆ ಸಂಬಳವುಂಟು, ಮನಸ್ಸಿಲ್ಲದಿದ್ದರೂ ಬರುತ್ತಾರೆ. ನಮ್ಮ ಸಂಘಗಳಲ್ಲಿ ದುಡಿಯುವವರು ಸಂಜೆಯ ವಿರಾಮವನ್ನು ಬಿಟ್ಟು, ಕೈಯಿಂದ ಬಸ್ಸಿನ ಖರ್ಚು ಹಾಕಿಕೊಂಡು ಬರುವವರು. ಅವರನ್ನು ಹಿಡಿದಿಡುವುದಕ್ಕೆ ಗೌರವವಲ್ಲದೆ ಬೇರೆ ಹಗ್ಗವಿಲ್ಲ. ತನ್ನ ಮಾತಿಗೆ ಇಲ್ಲಿ ಬೆಲೆಯಿಲ್ಲವೆಂದು ಕಂಡ ತರುಣನು ಜಗಳವಾಡುವುದಿಲ್ಲ, ರಾಜೀನಾಮೆಯನ್ನೂ ಬರೆಯುವುದಿಲ್ಲ. ಮುಂದಿನ ಸಭೆಗೆ ಬರುವುದಿಲ್ಲ, ಅಷ್ಟೆ. ಅವನು ಹೋದುದು ನಡವಳಿ ಪುಸ್ತಕದಲ್ಲಿ ದಾಖಲಾಗುವುದೂ ಇಲ್ಲ. ಹೀಗೆ ಒಬ್ಬೊಬ್ಬರಾಗಿ ಕರಗಿ, ಕಡೆಗೆ ಬೀಗದ ಕೈ ಹಿಡಿದ ಹಿರಿಯರೊಬ್ಬರೇ ಉಳಿಯುತ್ತಾರೆ. ಅವರ ತ್ಯಾಗ ದೊಡ್ಡದೇ. ಆದರೆ ಅವರ ಬಳಿಕ ಬಾಗಿಲು ತೆರೆಯುವವರು ಯಾರು?

ಬೇರೆ ಬಗೆಯ ನಿದರ್ಶನವೂ ನಮ್ಮ ಕಣ್ಣಮುಂದಿದೆ. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯು ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರ ಸದಸ್ಯರಾದರು. ರಾಜ್ಯದ ಗಡಿಯು ಅವರನ್ನು ಬೇರ್ಪಡಿಸಲಿಲ್ಲ. ಮುಂದೆ ಕೊಕ್ಕೋ ಕೊಳ್ಳುವವರಿಲ್ಲದೆ ಹೋದಾಗ ಸಂಸ್ಥೆಯು ಆ ಭಾರವನ್ನೂ ಹೊತ್ತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಸ್ಥಾಪಕರ ಕಾಲ ಮುಗಿದ ಮೇಲೂ ಸಂಸ್ಥೆ ನಡೆದಿದೆ. ಬೆಳೆಗಾರನೇ ಸದಸ್ಯನೂ ಒಡೆಯನೂ ಆಗಿರುವ ಸಹಕಾರದ ತತ್ತ್ವದಲ್ಲಿ ಇಂತಹ ಬಾಳಿಕೆಗೆ ಬೇಕಾದ ಬೀಜವಿದೆ. ಆದರೆ ಬೀಜವನ್ನು ನೀರೆರೆದು ಬೆಳೆಸಬೇಕಾದವರು ಸದಸ್ಯರು ಮತ್ತು ಮುಂದಾಳುಗಳು.

ಆದಕಾರಣ ನಮ್ಮ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ಕೆಲವು ವಿಜ್ಞಾಪನೆಗಳನ್ನು ಮಾಡುತ್ತೇವೆ. ಮೊದಲನೆಯದಾಗಿ, ಕೆಲಸವನ್ನು ಹಂಚುವಾಗ ಅದರ ಪೂರ್ಣ ಚಿತ್ರವನ್ನು ಎಲ್ಲರಿಗೂ ತಿಳಿಸಬೇಕು. ತನ್ನ ಹೆಜ್ಜೆ ಎಲ್ಲಿಗೆ ಒಯ್ಯುತ್ತದೆಂದು ಅರಿಯದವನು ಉತ್ಸಾಹದಿಂದ ನಡೆಯಲಾರ. ಎರಡನೆಯದಾಗಿ, ನಿರ್ಣಯವಾದ ಮೇಲೆ ಅಭಿಪ್ರಾಯ ಕೇಳುವ ಪದ್ಧತಿಯನ್ನು ಬಿಟ್ಟು, ನಿರ್ಣಯಕ್ಕೆ ಮುನ್ನ ಕೇಳಬೇಕು. ಕೇಳಿದ ಸಲಹೆಯನ್ನು ಒಪ್ಪಲಾಗದಿದ್ದರೆ ಕಾರಣ ಹೇಳಬೇಕು. ಮೂರನೆಯದಾಗಿ, ಮೆಚ್ಚುವುದಾದರೆ ಸಭೆಯಲ್ಲಿ ಮೆಚ್ಚಿ, ತಿದ್ದುವುದಾದರೆ ಏಕಾಂತದಲ್ಲಿ ತಿದ್ದಬೇಕು. ನಾಲ್ಕನೆಯದಾಗಿ, ಬೀಗದ ಕೈ, ಬ್ಯಾಂಕಿನ ಪುಸ್ತಕ, ಪತ್ರವ್ಯವಹಾರ, ಇವು ಯಾವುವೂ ಒಬ್ಬರಿಗೆ ಮಾತ್ರ ತಿಳಿದಿರುವ ಸಂಗತಿಗಳಾಗಿರಕೂಡದು. ಕಡೆಯದಾಗಿ, ವರ್ಷದ ಕಾರ್ಯಕ್ರಮಗಳಲ್ಲಿ ಒಂದನ್ನಾದರೂ ಮೂವತ್ತು ವಯಸ್ಸಿನೊಳಗಿನವರಿಗೆ ಪೂರ್ತಿಯಾಗಿ ಒಪ್ಪಿಸಿ, ಹಿರಿಯರು ಪ್ರೇಕ್ಷಕರ ಸಾಲಿನಲ್ಲಿ ಕುಳಿತುಕೊಳ್ಳಬೇಕು. ಪೆಂಡಾಲಿನ ಒಂದು ಮೂಲೆ ಸೊಟ್ಟಗಾದರೆ ಆಗಲಿ. ಆ ಸೊಟ್ಟನ್ನು ಸರಿಪಡಿಸಲು ಕಲಿತವರೇ ನಾಳೆ ಈ ವೇದಿಕೆಯನ್ನು ಕಟ್ಟತಕ್ಕವರು.

ಕೈಕೆಳಗಿನವರಿಗೂ ಒಂದು ಮಾತು. ಮುಂದಾಳು ಕೇಳುವಾಗ ಮೌನವಾಗಿದ್ದು, ಹೊರಗೆ ಹೋಗಿ ಅಂಗಡಿಯ ಕಟ್ಟೆಯಲ್ಲಿ ಟೀಕಿಸುವವರು ತಮ್ಮ ಕೈಯಿಂದಲೇ ಯಜಮಾನಿಕೆಯನ್ನು ಬೆಳೆಸುತ್ತಾರೆ. ಪದ್ಯ ಮುಗಿದ ಮೇಲೆ ವೇಷಧಾರಿಯು ಬಾಯಿ ತೆರೆಯದಿದ್ದರೆ ಭಾಗವತರು ಏನು ಮಾಡಿಯಾರು?

ಪ್ರತಿಯೊಂದು ಸಂಸ್ಥೆಯ ಮುಂದಾಳೂ ತನ್ನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ‘ನಾನು ಮೂರು ತಿಂಗಳು ಬಾರದಿದ್ದರೆ ಇಲ್ಲಿ ಏನು ನಡೆದೀತು?’ ಎಲ್ಲವೂ ನಿಂತುಹೋದೀತೆಂಬ ಉತ್ತರ ಬಂದರೆ, ಅದನ್ನು ಹೆಮ್ಮೆಯೆಂದು ಭಾವಿಸದೆ ಆ ದಿನವೇ ಕೆಲಸವನ್ನು ಹಂಚತೊಡಗಬೇಕು. ಗಡಿಯಲ್ಲಿರುವ ನಮಗೆ ಕಳೆದುಕೊಳ್ಳಲು ಹೆಚ್ಚು ಸಂಸ್ಥೆಗಳಿಲ್ಲ. ಒಮ್ಮೆ ಮುಚ್ಚಿದ ಕನ್ನಡದ ಬಾಗಿಲನ್ನು ಮತ್ತೆ ತೆರೆಯುವುದು ಇಲ್ಲಿ ಬಹಳ ಕಷ್ಟ.